ತನ್ನವರ ಭಯದೆದುರು ನಿಂತ ಅಭ್ಯರ್ಥಿ

ತುಮಕೂರು ಜಿಲ್ಲೆಯ ಹಾಲ್ಕುರಿಕೆಯ ಸುತ್ತಣ ತೆಂಗಿನ ಸೀಮೆಗೆ ಮತ ಕೇಳಲು ಬರುವ ಅಭ್ಯರ್ಥಿಗೆ, ಅವನು ಯಾವ ಪಕ್ಷದವನೇ ಆಗಿರಲಿ, ಯಾವ ಕುಲದವನೇ ಆಗಿರಲಿ, ಎರಡು ಪ್ರಶ್ನೆಗಳು ತಪ್ಪಿದ್ದಲ್ಲ: ಹೇಮಾವತಿಯ ನೀರು ಏನಾಯಿತು, ಕೊಬ್ಬರಿಯ ಧಾರಣೆ ಏನಾಯಿತು. ಎದುರು ಪಕ್ಷದವರು ಈ ಪ್ರಶ್ನೆಗಳನ್ನು ಎತ್ತಿದರೆ ಅವನಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಹಿಂದಿನವರ ತಪ್ಪನ್ನೋ ಮೇಲಿನ ಸರ್ಕಾರದ ತಪ್ಪನ್ನೋ ಎತ್ತಿ ತೋರಿಸಿ ಅವನು ಪಾರಾಗಬಲ್ಲನು. ಆದರೆ ಅವನ ಕೊರಳಿಗೆ ಹಾರ ಹಾಕಿದವನೇ, ಅವನ ಬಾವುಟವನ್ನು ಹಿಡಿದು ಊರೂರು ಬಿಸಿಲಿನಲ್ಲಿ ಅಲೆದವನೇ, ಸಭೆಯ ನಡುವೆ ಎದ್ದು ನಿಂತು, ನಮ್ಮ ನೀರನ್ನು ಅವರು ಹೊತ್ತುಕೊಂಡು ಹೋಗುತ್ತಿದ್ದಾರೆ, ನಮ್ಮ ತೋಟ ಒಣಗುತ್ತಿದೆ, ನೀವು ನೋಡುತ್ತ ಕುಳಿತಿದ್ದೀರಿ ಎಂದು ನಡುಗುವ ದನಿಯಲ್ಲಿ ಕೇಳಿದಾಗ, ಆ ಅಭ್ಯರ್ಥಿಯ ಯೋಗ್ಯತೆಯೇನೆಂಬುದು ನಿಜವಾಗಿ ಪರೀಕ್ಷೆಗೆ ಬರುತ್ತದೆ. ಎದುರಾಳಿಯ ದ್ವೇಷವನ್ನು ಎದುರಿಸುವುದಕ್ಕೆ ಧೈರ್ಯವೊಂದಿದ್ದರೆ ಸಾಕು. ತನ್ನವರ ಭಯವನ್ನೂ ಆ ಭಯದ ಬೆನ್ನಿಗೇ ಬರುವ ಕ್ರೋಧವನ್ನೂ ಎದುರಿಸುವುದಕ್ಕೆ ಧೈರ್ಯದ ಜೊತೆಗೆ ವಿವೇಕವೂ, ವಿವೇಕದ ಜೊತೆಗೆ ಸೋಲಲು ಸಿದ್ಧವಾದ ಮನಸ್ಸೂ ಬೇಕು.

ಭಯವೆಂದೊಡನೆ ಅದು ಅಜ್ಞಾನದಿಂದ ಹುಟ್ಟಿದ್ದೆಂದು ಪಟ್ಟಣದ ವಿದ್ಯಾವಂತರು ಭಾವಿಸುವುದುಂಟು. ಹಾಗೆ ಭಾವಿಸುವವರು ತೆಂಗಿನ ಕಾಲಮಾನವನ್ನು ಒಮ್ಮೆ ತಿಳಿದುಕೊಳ್ಳಬೇಕು. ಮಳೆ ಕೈಕೊಟ್ಟು ರಾಗಿ ಹೋದರೆ ಒಂದು ವರ್ಷದ ಅನ್ನ ಹೋಯಿತು. ತೆಂಗು ಹೋದರೆ ಒಂದು ತಲೆಮಾರಿನ ಬದುಕು ಹೋಯಿತು. ನೆಟ್ಟ ಸಸಿಗೆ ಏಳೆಂಟು ವರ್ಷ ನೀರೆರೆದ ಮೇಲೆ ಅದು ಹೊಂಬಾಳೆ ಒಡೆಯುತ್ತದೆ. ಹೊಂಬಾಳೆ ಕಾಯಾಗಿ ಬಲಿಯುವುದಕ್ಕೆ ಒಂದು ವರ್ಷ ಹಿಡಿಯುತ್ತದೆ. ಕಿತ್ತ ಕಾಯಿ ಉಂಡೆ ಕೊಬ್ಬರಿಯಾಗಲು ಅಟ್ಟದ ಮೇಲೆ ಮತ್ತೆ ಎಂಟು ಹತ್ತು ತಿಂಗಳು ಕಾಯಬೇಕು. ಆಮೇಲೆ ಸುಲಿದು, ಒಡೆದು, ಮೂಟೆ ಕಟ್ಟಿ ತಿಪಟೂರಿನ ಮಾರುಕಟ್ಟೆಗೆ ಸಾಗಿಸಿದ ದಿನ ಟೆಂಡರಿನಲ್ಲಿ ಯಾವ ಬೆಲೆ ಬರುವುದೋ ಅದೇ ಅಷ್ಟೂ ವರ್ಷಗಳ ದುಡಿಮೆಯ ಫಲ. ಇಷ್ಟು ದೀರ್ಘವಾದ ನಿರೀಕ್ಷೆಯ ಮೇಲೆ ಸಂಸಾರವನ್ನು ಕಟ್ಟಿದವನು, ಕೊಳವೆ ಬಾವಿ ಬತ್ತಿ, ಹರಳು ಉದುರಿ, ಗರಿ ಜೋತುಬಿದ್ದ ಬೇಸಗೆಯಲ್ಲಿ ಟ್ಯಾಂಕರಿನ ನೀರನ್ನು ದುಡ್ಡು ಕೊಟ್ಟು ಮರದ ಬುಡಕ್ಕೆ ಹೊಯ್ಯಿಸಿದವನು, ನಾಲೆಯ ನೀರಿನ ವಿಷಯದಲ್ಲಿ ಭಯಪಟ್ಟರೆ ಆ ಭಯಕ್ಕೆ ಆಧಾರವಿಲ್ಲವೆಂದು ಯಾರೂ ಹೇಳಲಾರರು. ಆದ್ದರಿಂದ ಭಯಪಡುವವನನ್ನು ತಿದ್ದುವ ಮೊದಲು ಅವನ ಭಯದಲ್ಲಿ ಸತ್ಯವೆಷ್ಟು, ಕಲ್ಪನೆಯೆಷ್ಟು, ಇನ್ನೊಬ್ಬರು ಬಿತ್ತಿದ್ದೆಷ್ಟು ಎಂಬುದನ್ನು ವಿಂಗಡಿಸಿಕೊಳ್ಳುವುದು ಅಭ್ಯರ್ಥಿಯ ಮೊದಲನೆಯ ಕರ್ತವ್ಯ.

ಅಭ್ಯರ್ಥಿಗಳು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಬೇರೆ. ಒಂದು, ಜನರ ಭಯವನ್ನು ಇನ್ನಷ್ಟು ಕೆರಳಿಸಿ, ಅದಕ್ಕೊಬ್ಬ ಶತ್ರುವನ್ನು ತೋರಿಸಿ, ಆ ಕ್ರೋಧದ ಮೇಲೆ ತಾನು ಸವಾರಿ ಮಾಡುವುದು. ಇನ್ನೊಂದು, ಎಲ್ಲಕ್ಕೂ ಹೂಂಗುಟ್ಟಿ, ಹೊರಗೆ ಬಂದ ಮೇಲೆ ಮರೆತುಬಿಡುವುದು. ಮೊದಲನೆಯದು ಜನರನ್ನು ಕೆಡಿಸುತ್ತದೆ, ಎರಡನೆಯದು ಜನರ ನಂಬಿಕೆಯನ್ನು ಕೆಡಿಸುತ್ತದೆ. ಇವೆರಡನ್ನೂ ಬಿಟ್ಟು, ನಿಮ್ಮ ಭಯದಲ್ಲಿ ಇಷ್ಟು ನಿಜ, ಇಷ್ಟು ನಿಜವಲ್ಲ, ಇದು ಲೆಕ್ಕ, ಇದನ್ನು ಕೇಳಿದ ಮೇಲೂ ನಿಮಗೆ ನಾನು ಬೇಡವೆನಿಸಿದರೆ ನಿಮ್ಮ ತೀರ್ಪನ್ನು ಒಪ್ಪುತ್ತೇನೆ ಎಂದು ತನ್ನವರ ಮುಖವನ್ನೇ ನೋಡಿ ಹೇಳುವ ದಾರಿಯೊಂದುಂಟು. ಅದು ಪುಸ್ತಕದಲ್ಲಿ ಮಾತ್ರ ಇರುವ ದಾರಿಯಲ್ಲ. ಕನ್ನಡ ನಾಡು ಇಂದು ಒಂದು ರಾಜ್ಯವಾಗಿರುವುದರಲ್ಲಿ ಆ ದಾರಿಯನ್ನು ಹಿಡಿದ ಒಬ್ಬ ರಾಜಕಾರಣಿಯ ಪಾಲು ದೊಡ್ಡದಾಗಿದೆ.

ಕೆಂಗಲ್ ಹನುಮಂತಯ್ಯನವರು 1952ರ ಮಾರ್ಚಿ 30ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದಾಗ ಅವರ ಬಲವೆಲ್ಲ ಹಳೆಯ ಮೈಸೂರಿನ ಗ್ರಾಮಾಂತರದ ಜನರಲ್ಲಿ, ಅದರಲ್ಲಿಯೂ ಅವರು ಹುಟ್ಟಿದ ಒಕ್ಕಲಿಗ ಸಮುದಾಯದಲ್ಲಿ, ನೆಲೆಗೊಂಡಿತ್ತು. ಆ ಕಾಲಕ್ಕೆ ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಅವರೆಲ್ಲರನ್ನು ಒಂದುಗೂಡಿಸಬೇಕೆಂಬ ಏಕೀಕರಣದ ಹಂಬಲ ಧಾರವಾಡ, ಹುಬ್ಬಳ್ಳಿ, ಬಿಜಾಪುರಗಳ ಕಡೆ ಎಷ್ಟು ತೀವ್ರವಾಗಿತ್ತೋ ಹಳೆಯ ಮೈಸೂರಿನಲ್ಲಿ ಅದರ ವಿಷಯದಲ್ಲಿ ಅಷ್ಟೇ ಶಂಕೆಯಿತ್ತು. ಶಂಕೆಗೆ ಕಾರಣಗಳಿಲ್ಲದೆ ಇರಲಿಲ್ಲ. ಮೈಸೂರಿನಲ್ಲಿ 1902ರಿಂದಲೇ ಶಿವನಸಮುದ್ರದ ವಿದ್ಯುಚ್ಛಕ್ತಿ ಇತ್ತು. ಕೃಷ್ಣರಾಜಸಾಗರವಿತ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇತ್ತು, ಜೋಗದ ವಿದ್ಯುದಾಗಾರವಿತ್ತು, ವಿಶ್ವವಿದ್ಯಾನಿಲಯವಿತ್ತು. ಈ ಸಂಪತ್ತನ್ನೆಲ್ಲ ಅರ್ಧ ಶತಮಾನದಲ್ಲಿ ಕೂಡಿಸಿಕೊಂಡ ಜನ, ಬರಗಾಲಕ್ಕೆ ಹೆಸರಾದ, ರಸ್ತೆಯೂ ಶಾಲೆಯೂ ವಿರಳವಾದ ಪ್ರದೇಶಗಳನ್ನು ಕೂಡಿಸಿಕೊಂಡರೆ ನಮ್ಮ ಬೊಕ್ಕಸ ಅಲ್ಲಿಗೆ ಹರಿದುಹೋಗುವುದಿಲ್ಲವೇ ಎಂದು ಕೇಳಿದರು.

ಇದು ಬಹಿರಂಗವಾಗಿ ಆಡುತ್ತಿದ್ದ ಭಯ. ಒಳಗೊಳಗೆ ಆಡುತ್ತಿದ್ದ ಇನ್ನೊಂದು ಭಯವಿತ್ತು, ಅದು ಜಾತಿಯದು. ಉತ್ತರದ ಕನ್ನಡ ಜಿಲ್ಲೆಗಳಲ್ಲಿ ಲಿಂಗಾಯತರ ಸಂಖ್ಯೆ ಹೆಚ್ಚು. ಅವೆಲ್ಲ ಸೇರಿದರೆ ಅಧಿಕಾರ ಅವರ ಕೈಗೆ ಹೋಗುತ್ತದೆ, ಹಳೆಯ ಮೈಸೂರಿನ ಒಕ್ಕಲಿಗರು ಮೂಲೆಗುಂಪಾಗುತ್ತಾರೆ ಎಂಬ ಮಾತು ಊರ ಪಂಚಾಯತಿಯ ಕಟ್ಟೆಯಿಂದ ಶಾಸನಸಭೆಯ ಮೊಗಸಾಲೆಯವರೆಗೆ ಹಬ್ಬಿತ್ತು. ನಮ್ಮ ತಿಪಟೂರು, ಗುಬ್ಬಿ, ಚಿಕ್ಕನಾಯಕನಹಳ್ಳಿಗಳಂಥ ಸೀಮೆಯಲ್ಲಿ ಈ ಮಾತಿಗೆ ಎರಡು ಅಲಗುಗಳಿದ್ದವು. ಇಲ್ಲಿ ನೊಣಬ ಲಿಂಗಾಯತರೂ ಒಕ್ಕಲಿಗರೂ ಕುರುಬರೂ ಅಕ್ಕಪಕ್ಕದ ತೋಟಗಳಲ್ಲಿ ಒಂದೇ ಕೆರೆಯ ನೀರನ್ನು ಕಟ್ಟಿಕೊಂಡು ಬದುಕುವವರು. ಒಬ್ಬನ ಭಯವೇ ಇನ್ನೊಬ್ಬನ ಆಸೆಯಾದರೆ ಆ ಬದುಕಿನ ನೆಮ್ಮದಿ ಉಳಿಯುವುದು ಕಷ್ಟ. ಇಂಥ ಸ್ಥಿತಿಯಲ್ಲಿ ತನ್ನ ಸಮುದಾಯದ ಭಯವನ್ನೇ ಧ್ವಜ ಮಾಡಿಕೊಂಡು ಮೈಸೂರು ಮೈಸೂರಾಗಿಯೇ ಇರಲಿ ಎಂದು ಹೊರಟಿದ್ದರೆ ಹನುಮಂತಯ್ಯನವರ ಅಧಿಕಾರಕ್ಕೆ ಆಗ ಯಾವ ಕುಂದೂ ಬರುತ್ತಿರಲಿಲ್ಲ. ಅವರ ಪಕ್ಷದವರಲ್ಲಿಯೇ ಅನೇಕರು ಅದನ್ನೇ ಅವರಿಂದ ಅಪೇಕ್ಷಿಸಿದರು.

ಅವರು ಹಾಗೆ ಮಾಡಲಿಲ್ಲ. ಭಯವನ್ನು ತಳ್ಳಿಹಾಕಲೂ ಇಲ್ಲ. ಅವರ ಸರ್ಕಾರ ಸತ್ಯಶೋಧನ ಸಮಿತಿಯೊಂದನ್ನು ನೇಮಿಸಿ, ಸೇರಬೇಕಾದ ಪ್ರದೇಶಗಳ ಸ್ಥಿತಿಗತಿಗಳನ್ನು ಲೆಕ್ಕ ಹಾಕಿಸಿತು. 1954ರಲ್ಲಿ ಬಂದ ಆ ವರದಿ ಹೊಸ ಪ್ರದೇಶಗಳ ಹಿಂದುಳಿದಿರುವಿಕೆಯನ್ನು ಮರೆಮಾಚಲಿಲ್ಲ. ಮುಖ್ಯಮಂತ್ರಿ ತನಗೆ ಅನುಕೂಲವಾದ ಅಂಕಿಗಳನ್ನು ಮಾತ್ರ ಜನರ ಮುಂದಿಡದೆ ಪ್ರತಿಕೂಲವಾದವುಗಳನ್ನೂ ಇಟ್ಟದ್ದು ನನಗೆ ಈ ಪ್ರಕರಣದಲ್ಲೆಲ್ಲ ಅತ್ಯಂತ ಗೌರವಾರ್ಹವಾಗಿ ತೋರುತ್ತದೆ. ಮುಂದಿನ ವರ್ಷ, 1955ರ ಸೆಪ್ಟೆಂಬರ್ 30ರಂದು, ಫಜಲ್ ಅಲಿ, ಹೃದಯನಾಥ ಕುಂಜರು, ಕೆ.ಎಂ. ಪಣಿಕ್ಕರ್ ಇವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ ತನ್ನ ವರದಿಯನ್ನು ಒಪ್ಪಿಸಿತು. ಪಿಸುಮಾತಿನಲ್ಲಿದ್ದ ಜಾತಿಯ ಭಯವನ್ನು ಆಯೋಗ ಬೆಳಕಿಗೆ ತಂದು ಅಂಕಿಗಳಿಂದಲೇ ಉತ್ತರಿಸಿತು: ಏಕೀಕೃತ ಕರ್ನಾಟಕದಲ್ಲಿ ಲಿಂಗಾಯತರು ನೂರಕ್ಕೆ 20ಕ್ಕಿಂತ ಸ್ವಲ್ಪ ಹೆಚ್ಚು, ಒಕ್ಕಲಿಗರು 13ರಿಂದ 14, ಹರಿಜನರು 17ರಿಂದ 18, ಆದ್ದರಿಂದ ಯಾವ ಒಂದು ಸಮುದಾಯವೂ ಉಳಿದವರ ಮೇಲೆ ಪ್ರಭುತ್ವ ನಡೆಸುವ ಸಂಭವವಿಲ್ಲ. ಆಡದೆ ಮುಚ್ಚಿಟ್ಟ ಭಯ ಬೆಳೆಯುತ್ತಲೇ ಹೋಗುತ್ತದೆ, ಆಡಿ ಎಣಿಸಿದ ಭಯಕ್ಕೆ ಒಂದು ಎಲ್ಲೆ ಸಿಗುತ್ತದೆ. ಆಯೋಗ ಮಾಡಿದ ಉಪಕಾರ ಇದು.

ಹನುಮಂತಯ್ಯನವರು ಶಾಸನಸಭೆಯಲ್ಲಿಯೂ ಹೊರಗೂ ಏಕೀಕರಣದ ಪಕ್ಷ ವಹಿಸಿ ವಾದಿಸಿದರು; ತಮ್ಮ ಬೆಂಬಲಿಗರ ಮುನಿಸನ್ನು ಕಣ್ಣಾರೆ ಕಂಡೂ ಮಾತನ್ನು ಬದಲಾಯಿಸಲಿಲ್ಲ. 1956ರ ಆಗಸ್ಟಿನಲ್ಲಿ ಅವರ ಶಾಸಕಾಂಗ ಪಕ್ಷವೇ ಅವರಲ್ಲಿ ವಿಶ್ವಾಸವಿಲ್ಲವೆಂದು ತೀರ್ಮಾನಿಸಿತು. ಆ ತಿಂಗಳ 19ರಂದು ಅವರ ಸ್ಥಾನಕ್ಕೆ ಕಡಿದಾಳ್ ಮಂಜಪ್ಪನವರು ಬಂದರು. ಅದಾದ ಎಪ್ಪತ್ತು ಚಿಲ್ಲರೆ ದಿನಗಳಲ್ಲಿ, 1956ರ ನವೆಂಬರ್ 1ರಂದು, ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ವಿಶಾಲ ಮೈಸೂರು ರಾಜ್ಯವನ್ನು ಉದ್ಘಾಟಿಸಿದಾಗ ಅದರ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪನವರು. ಹನುಮಂತಯ್ಯನವರ ಪತನಕ್ಕೆ ಏಕೀಕರಣವೊಂದೇ ಕಾರಣವೆಂದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಪಕ್ಷದೊಳಗಿನ ಬಣಗಳಿದ್ದವು, ಅವರ ನಿಷ್ಠುರ ಸ್ವಭಾವವೂ ಇತ್ತು. ಆದರೂ ಏಕೀಕರಣವಾದರೆ ತನ್ನ ಪದವಿ ಉಳಿಯುವುದು ಸಂಶಯವೆಂದು ತಿಳಿದೂ ಅದನ್ನೇ ಎತ್ತಿಹಿಡಿದರು ಎಂಬುದರಲ್ಲಿ ಸಂಶಯವಿಲ್ಲ. ಆ ಮೇಲೆ ಜನ ಅವರನ್ನು ಮರೆಯಲೂ ಇಲ್ಲ; 1962ರಲ್ಲಿ ಬೆಂಗಳೂರು ಅವರನ್ನು ಲೋಕಸಭೆಗೆ ಕಳುಹಿಸಿತು, 1967ರಲ್ಲಿಯೂ 1971ರಲ್ಲಿಯೂ ಮತ್ತೆ ಕಳುಹಿಸಿತು.

ದಕ್ಷಿಣದಲ್ಲಿ ಭಯವಿದ್ದಂತೆ ಉತ್ತರದಲ್ಲಿ ಕ್ರೋಧವಿತ್ತು, ಮತ್ತು ಅದನ್ನು ಎದುರಿಸಬೇಕಾಗಿ ಬಂದವರು ನಿಜಲಿಂಗಪ್ಪನವರೇ. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಅವರು ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಏಕೀಕರಣಕ್ಕಾಗಿ ಎಷ್ಟೋ ವರ್ಷ ದುಡಿದವರು. ಆಂಧ್ರ ರಾಜ್ಯದ ರಚನೆಗೆ ಒಪ್ಪಿದ ದಿಲ್ಲಿ ಕರ್ನಾಟಕಕ್ಕೆ ಒಪ್ಪಲಿಲ್ಲವೆಂಬ ನೋವು ಕುದಿಯುತ್ತಿದ್ದಾಗ, ಅದರಗುಂಚಿಯ ಶಂಕರಗೌಡ ಪಾಟೀಲರು 1953ರ ಮಾರ್ಚಿ 28ರಂದು ಉಪವಾಸಕ್ಕೆ ಕುಳಿತರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ ಸಮಿತಿ ಸೇರಿದಾಗ ಸಾವಿರಾರು ಜನ ಸಭಾಸ್ಥಾನವನ್ನು ಸುತ್ತುಗಟ್ಟಿ, ಕಾಂಗ್ರೆಸ್ ಶಾಸಕರು ರಾಜೀನಾಮೆ ಕೊಡಬೇಕೆಂದು ಕೂಗಿದರು. ಕೂಗು ಕಲ್ಲಾಯಿತು, ದಿನ ಪೊಲೀಸರ ಬಲಪ್ರಯೋಗದಲ್ಲಿ ಮುಗಿಯಿತು. ಕಲ್ಲೆಸೆದವರು ಶತ್ರುಗಳಾಗಿರಲಿಲ್ಲ, ಒಂದು ವರ್ಷದ ಹಿಂದೆ ಅದೇ ಪಕ್ಷಕ್ಕೆ ಮತ ಕೊಟ್ಟವರೇ ಅವರಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಜನರ ಆಸೆಯನ್ನು ತಾವೇ ಹೊತ್ತಿಸಿ, ಅದು ಈಡೇರುವ ದಾರಿ ಎಷ್ಟು ನಿಧಾನವೆಂಬುದನ್ನು ಮೊದಲೇ ಬಿಡಿಸಿ ಹೇಳದೆ ಹೋದ ನಾಯಕತ್ವಕ್ಕೆ ತನ್ನವರ ಕೈಯಿಂದಲೇ ಆದ ಶಿಕ್ಷೆ ಅದು ಎಂದು ನನ್ನ ಅಭಿಪ್ರಾಯ. ಅಷ್ಟಾದರೂ ನಿಜಲಿಂಗಪ್ಪನವರು ಹುಬ್ಬಳ್ಳಿಯ ಕ್ರೋಧವನ್ನು ಮೈಸೂರಿನವರ ಮೇಲೆ ತಿರುಗಿಸಲಿಲ್ಲ. ತಿರುಗಿಸಿದ್ದರೆ ಆ ಕಾಲಕ್ಕೆ ಅದು ಸುಲಭವಾಗಿತ್ತು. ಆದರೆ ಮೂರು ವರ್ಷಗಳ ಮೇಲೆ ಎರಡು ಕಡೆಯವರೂ ಒಂದೇ ಸಭೆಯಲ್ಲಿ ಕೂಡುವುದು ದುಸ್ಸಾಧ್ಯವಾಗುತ್ತಿತ್ತು.

ಹೊರ ದೇಶದ ಒಂದು ಪ್ರಸಂಗ ಇಲ್ಲಿ ಸ್ಮರಣೀಯವಾದದ್ದು. 2008ರ ಅಕ್ಟೋಬರ್ 10ರಂದು, ಅಮೆರಿಕದ ಮಿನೆಸೋಟ ರಾಜ್ಯದ ಲೇಕ್‌ವಿಲ್ ಎಂಬ ಊರಿನಲ್ಲಿ, ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಿದ್ದ ಜಾನ್ ಮೆಕೇನ್ ತಮ್ಮ ಬೆಂಬಲಿಗರ ಸಭೆಯಲ್ಲಿದ್ದಾಗ, ಎದುರಾಳಿ ಒಬಾಮ ಅಧ್ಯಕ್ಷರಾದರೆ ತನಗೆ ಭಯವೆಂದು ಒಬ್ಬನು ಹೇಳಿದನು. ಹೆದರಬೇಕಾದ ಮನುಷ್ಯ ಆತನಲ್ಲವೆಂದು ಮೆಕೇನ್ ಉತ್ತರಿಸಿದಾಗ ಅವರ ಕಡೆಯವರೇ ಅವರ ವಿರುದ್ಧ ಧಿಕ್ಕಾರದ ದನಿ ತೆಗೆದರು. ಬಳಿಕ ಒಬ್ಬ ಮಹಿಳೆ ಒಬಾಮ ಅರಬ್ಬನೆಂದು ಹೇಳಲು, ಮೆಕೇನ್ ಆಕೆಯ ಕೈಯಿಂದ ಮೈಕನ್ನು ತೆಗೆದುಕೊಂಡು, ಹಾಗಲ್ಲ, ಆತ ಸಭ್ಯ ಸಂಸಾರಸ್ಥ, ಈ ದೇಶದ ನಾಗರಿಕ, ನನಗೂ ಆತನಿಗೂ ಇರುವುದು ಅಭಿಪ್ರಾಯಭೇದ ಮಾತ್ರ ಎಂಬ ಅರ್ಥದ ಮಾತನ್ನಾಡಿದರು. ಆ ಉತ್ತರದಲ್ಲಿ ಒಂದು ಕೊರತೆಯೂ ಇತ್ತು: ಅರಬ್ಬನಾಗಿದ್ದರೆ ತಪ್ಪೇನು ಎಂಬ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ, ಅದೇ ತಿಂಗಳಲ್ಲಿ ಮೆಕೇನರ ಪಕ್ಷದವರೇ ಆದ ಕಾಲಿನ್ ಪೊವೆಲ್ ತಮ್ಮವರಿಗೇ ಇಂಥದೇ ಪ್ರಶ್ನೆಯನ್ನು ಹಾಕಿದರು. ಮೆಕೇನರ ಜೊತೆ ಉಪಾಧ್ಯಕ್ಷ ಪದವಿಗೆ ನಿಂತಿದ್ದ ಸಾರಾ ಪೇಲಿನ್ ಅದಕ್ಕೆ ಮುಂಚೆ ಆಡಿದ್ದ ಮಾತುಗಳು ಆ ಭಯಕ್ಕೆ ಇಂಬು ಕೊಟ್ಟಿದ್ದವೆಂಬುದೂ ಸತ್ಯ. ಆದರೂ ಮತದಾನಕ್ಕೆ ಒಂದು ತಿಂಗಳೂ ಇಲ್ಲದಾಗ, ಸೋಲು ಸಮೀಪಿಸುತ್ತಿದ್ದಾಗ, ತನಗೆ ಲಾಭವಾಗಬಹುದಾಗಿದ್ದ ಸುಳ್ಳನ್ನು ತನ್ನವರ ಎದುರಿನಲ್ಲೇ ಸುಳ್ಳೆಂದು ಹೇಳುವುದು ಸಣ್ಣ ಕೆಲಸವಲ್ಲ.

ನಮ್ಮಲ್ಲಿ ನೀರಿನ ವಿಷಯಕ್ಕೆ ಬಂದರೆ ಇಷ್ಟು ನೇರವಾದ ಉತ್ತರ ಕೇಳಿಬರುವುದು ಅಪೂರ್ವ. 2002ರಲ್ಲಿ ಕಾವೇರಿಯ ನೀರನ್ನು ತಮಿಳುನಾಡಿಗೆ ಬಿಡಬೇಕೆಂದು ನ್ಯಾಯಾಲಯ ಹೇಳಿ, ಬಿಡಬಾರದೆಂದು ಮಂಡ್ಯದ ರೈತರು ಪಟ್ಟು ಹಿಡಿದಾಗ, ಅದೇ ಜಿಲ್ಲೆಯವರಾದ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಮಾಡಿದರು. ಕೋಪಗೊಂಡ ತನ್ನವರ ನಡುವೆ ನಡೆದುಹೋದದ್ದು ಮೆಚ್ಚತಕ್ಕದ್ದೇ. ಆದರೆ ಕೊನೆಗೆ ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಕ್ಷಮೆ ಕೋರಿ ನೀರು ಬಿಡಲೇಬೇಕಾಯಿತು. ಬಿಡಬೇಕಾಗುತ್ತದೆಂಬ ಕಹಿ ಮಾತನ್ನು ಹಾದಿಯುದ್ದಕ್ಕೂ ಹೇಳಿದ್ದರೆ ಆ ನಡಿಗೆಗೆ ಇನ್ನೂ ಹೆಚ್ಚಿನ ಬೆಲೆ ಬರುತ್ತಿತ್ತು.

ಇನ್ನು ನಮ್ಮ ಜಿಲ್ಲೆಯ ಮಾತು. ಗೊರೂರಿನ ಅಣೆಕಟ್ಟಿನಲ್ಲಿ ನಿಂತ ಹೇಮಾವತಿ ಎಡದಂಡೆಯ ನಾಲೆಯಲ್ಲಿ ಹರಿದು, ಬಾಗೂರು ನವಿಲೆಯ ಸುರಂಗವನ್ನು ಹಾದು, ತಿಪಟೂರು, ತುರುವೇಕೆರೆ, ಗುಬ್ಬಿ, ತುಮಕೂರುಗಳ ಕಡೆ ಬರುತ್ತಾಳೆ. ಮೇಲೆ ಹಾಸನ, ಕೆಳಗೆ ತುಮಕೂರು. ಆದ್ದರಿಂದ ತಮಗೆ ಬರಬೇಕಾದ ಪಾಲನ್ನು ಮೇಲಿನವರು ತಡೆದರೆಂಬ ಕೊರಗು ಇಲ್ಲಿ ಬಹಳ ಹಳೆಯದು. 2019ರ ಲೋಕಸಭಾ ಚುನಾವಣೆಯಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು, ಕಾಂಗ್ರೆಸ್ಸಿನೊಡನೆ ಆದ ಮೈತ್ರಿಯ ಅಭ್ಯರ್ಥಿಯಾಗಿ ತುಮಕೂರಿಗೆ ಬಂದಾಗ ಆ ಕೊರಗು ಮತದ ರೂಪ ತಾಳಿತು. ಅವರ ಎದುರು ನಿಂತ ಭಯ ಮತ್ತು ಕ್ರೋಧ ಭಾರತೀಯ ಜನತಾ ಪಕ್ಷದವರದು ಮಾತ್ರವಾಗಿರಲಿಲ್ಲ. ಸ್ಥಾನ ಹೊಂದಾಣಿಕೆಯಲ್ಲಿ ಟಿಕೆಟ್ ಕಳೆದುಕೊಂಡ ಕಾಂಗ್ರೆಸ್ಸಿನ ಆಗಿನ ಸಂಸದ ಎಸ್.ಪಿ. ಮುದ್ದಹನುಮೇಗೌಡರು ನಾಮಪತ್ರ ಸಲ್ಲಿಸಿ ಆಮೇಲೆ ಹಿಂದಕ್ಕೆ ಪಡೆದಿದ್ದರು. ಮೈತ್ರಿಯ ಸಭೆಗಳಲ್ಲಿ ಕುಳಿತ ಕಾಂಗ್ರೆಸ್ಸಿನ ಕಾರ್ಯಕರ್ತನ ಮನಸ್ಸಿನಲ್ಲಿ ಆ ನೋವೂ ಇತ್ತು, ನಾಲೆಯ ನೀರಿನ ಶಂಕೆಯೂ ಇತ್ತು. ನೀರಿಗೆ ತಾವು ಅಡ್ಡಿ ಮಾಡಿದವರಲ್ಲವೆಂದು ದೇವೇಗೌಡರು ಹೇಳಿದರು. ಫಲಿತಾಂಶ ಬಂದಾಗ ಭಾರತೀಯ ಜನತಾ ಪಕ್ಷದ ಜಿ.ಎಸ್. ಬಸವರಾಜು 13,339 ಮತಗಳಿಂದ ಗೆದ್ದಿದ್ದರು. ನಾಡಿನ ನೀರಾವರಿಯ ವಿಷಯದಲ್ಲಿ ದೇವೇಗೌಡರಷ್ಟು ಆಳವಾದ ಪರಿಶ್ರಮವುಳ್ಳ ರಾಜಕಾರಣಿಗಳು ವಿರಳ. ಅಂಥವರ ನಿರಾಕರಣೆ ಕೂಡ ಇಲ್ಲಿಯ ಶಂಕೆಯನ್ನು ಕರಗಿಸಲಿಲ್ಲವೆಂದರೆ, ಶಂಕೆ ಕರಗುವುದು ವ್ಯಕ್ತಿಯ ಹಿರಿತನದಿಂದಲ್ಲ, ತೆರೆದಿಟ್ಟ ಅಳತೆಯ ಪುಸ್ತಕದಿಂದ ಎಂದು ನಾವು ತಿಳಿಯಬೇಕು. ಯಾವ ವರ್ಷ, ಯಾವ ತೂಬಿನಲ್ಲಿ, ಎಷ್ಟು ನೀರು ಹರಿಯಿತೆಂಬ ಲೆಕ್ಕ ಹಳ್ಳಿಯವನ ಕೈಗೆ ಎಂದೂ ಬಂದದ್ದಿಲ್ಲ.

ಈಗ ಆ ಶಂಕೆ ಇನ್ನೂ ಹತ್ತಿರಕ್ಕೆ ಬಂದಿದೆ. ತುಮಕೂರು ನಾಲೆಯಿಂದ ದೊಡ್ಡ ಕೊಳವೆಗಳ ಮೂಲಕ ನೀರನ್ನು ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಯೋಜನೆ ಜಿಲ್ಲೆಯನ್ನೇ ಎರಡಾಗಿ ಒಡೆದಿದೆ. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನಲ್ಲಿ, ನಿಷೇಧಾಜ್ಞೆಯಿದ್ದರೂ, ಸಾವಿರಾರು ರೈತರು ಸೇರಿ ಕಾಮಗಾರಿಯ ಗುಂಡಿಗಳಿಗೆ ಮಣ್ಣು ಮುಚ್ಚಿದರು. ಮಠಾಧೀಶರೂ ಶಾಸಕರೂ ಅವರ ಜೊತೆಗಿದ್ದರು. ನೀರು ಕುಣಿಗಲ್ಲಿನಲ್ಲಿ ನಿಲ್ಲದೆ ಮಾಗಡಿಗೂ ರಾಮನಗರದ ಕಡೆಗೂ ಹೋಗುತ್ತದೆ, ನಮ್ಮ ಕೆರೆಗಳ ತೂಬುಗಳು ಒಣಗುತ್ತವೆ ಎಂಬುದು ಅವರ ಭಯ. ಕುಣಿಗಲ್ಲಿನವರ ದೂರೂ ಸುಳ್ಳಲ್ಲ: ನಾಲೆಯ ಕೊನೆಯಲ್ಲಿರುವ ಅವರಿಗೆ ಮೇಲಿನವರೆಲ್ಲ ತೆಗೆದುಕೊಂಡು ಉಳಿದರೆ ಮಾತ್ರ ನೀರು. 2023ರ ಚುನಾವಣೆಯಲ್ಲಿ ತಿಪಟೂರು, ಗುಬ್ಬಿ, ಕುಣಿಗಲ್ ಮೂರು ಕ್ಷೇತ್ರಗಳಲ್ಲಿಯೂ ಗೆದ್ದದ್ದು ಒಂದೇ ಪಕ್ಷ. ಒಂದೇ ಪಕ್ಷದ ಅಭ್ಯರ್ಥಿಗಳು ಗುಬ್ಬಿಯಲ್ಲಿ ಒಂದು ಭಯಕ್ಕೂ ಕುಣಿಗಲ್ಲಿನಲ್ಲಿ ಅದರ ವಿರುದ್ಧವಾದ ಭಯಕ್ಕೂ ಉತ್ತರ ಹೇಳಬೇಕಾಗಿದೆ. ಇಲ್ಲಿ ಕೆಲವರು ಹೊರಗಿನ ಒಬ್ಬ ನಾಯಕನನ್ನು, ಹೊರಗಿನ ಒಂದು ಜಿಲ್ಲೆಯನ್ನು ಕಳ್ಳನೆಂದು ಕರೆದು ಮಾತು ಮುಗಿಸುತ್ತಾರೆ. ಇನ್ನು ಕೆಲವರು ಒಂದು ಹನಿಯೂ ಕಡಿಮೆಯಾಗದೆಂದು ಭಾಷೆ ಕೊಡುತ್ತಾರೆ. ನೀರಿನ ಮೊತ್ತ ಇದ್ದಷ್ಟೇ ಇರುವಾಗ ಒಬ್ಬನಿಗೆ ಹೆಚ್ಚಾಗಿ ಇನ್ನೊಬ್ಬನಿಗೆ ಕಡಿಮೆಯಾಗದಿರಬೇಕಾದರೆ, ಸೋರಿ ಪೋಲಾಗುವ ನೀರು ಉಳಿಯಬೇಕು. ಅದು ಉಳಿಯುತ್ತದೆಯೇ, ಎಷ್ಟು ಉಳಿಯುತ್ತದೆ, ಆ ಉಳಿಕೆಯ ಕಾವಲು ಯಾರು ಎಂಬುದನ್ನು ಹೇಳದ ಭಾಷೆಗೆ ಅರ್ಥವಿಲ್ಲ.

ಕೊಬ್ಬರಿಯ ಕತೆಯೂ ಹೀಗೆಯೇ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಎಂಟು ಒಂಬತ್ತು ಸಾವಿರಕ್ಕೆ ಬಿದ್ದಿತ್ತು. ಎಲ್ಲರ ಕೊಬ್ಬರಿಯನ್ನೂ ಕೊಳ್ಳಿಸುತ್ತೇವೆಂದು ಆಗ ವೇದಿಕೆಗಳಲ್ಲಿ ಕೇಳಿಬಂತು. ಆದರೆ ಬೆಂಬಲ ಬೆಲೆಯ ಯೋಜನೆಯಲ್ಲಿ ಕೇಂದ್ರ ಕೊಳ್ಳುವುದು ಉತ್ಪನ್ನದ ನಾಲ್ಕರಲ್ಲೊಂದು ಪಾಲಿನ ಮಿತಿಯೊಳಗೆ ಎಂಬುದನ್ನು ಹೇಳಿದವರು ಎಷ್ಟು ಮಂದಿ? ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಕೇಂದ್ರದ ಮುಂದೆ ನೋಂದಣಿಗೆಂದು ರಾತ್ರಿಯೆಲ್ಲ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಹಿಂದಿರುಗಿದವನ ಕೋಪ, ಬೆಲೆ ಬಿದ್ದದ್ದಕ್ಕಿಂತ ಹೆಚ್ಚಾಗಿ, ಮಿತಿಯನ್ನು ತನ್ನಿಂದ ಮುಚ್ಚಿಟ್ಟರೆಂಬುದರ ಮೇಲಿತ್ತು. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ ಧಾರಣೆ ಇಪ್ಪತ್ತು ಸಾವಿರವನ್ನು ದಾಟಿ ಏರಿದಾಗ ಆ ಕೋಪ ತಣ್ಣಗಾಯಿತು. ಆದರೆ ಬೆಲೆ ಮತ್ತೆ ಬಿದ್ದ ದಿನ ಅದೇ ಸಭೆ, ಅದೇ ಪ್ರಶ್ನೆ, ಅದೇ ಹುಸಿ ಭಾಷೆ ನಡೆಯಬಾರದಾದರೆ ಬೆಲೆ ಚೆನ್ನಾಗಿರುವ ಕಾಲದಲ್ಲಿಯೇ ಸತ್ಯವನ್ನು ಹೇಳತಕ್ಕದ್ದು.

ಹಾಲ್ಕುರಿಕೆಗೂ ಸುತ್ತಿನ ಊರುಗಳಿಗೂ ಮುಂದೆ ಮತ ಕೇಳಲು ಬರುವವರಲ್ಲಿ, ಅವರು ಯಾವ ಬಾವುಟದವರೇ ಆಗಲಿ, ನನ್ನದೊಂದು ಬಿನ್ನಹವಿದೆ. ನೀವು ಬರುವ ಮುನ್ನ ತುಮಕೂರು ನಾಲೆಯ ಹತ್ತು ವರ್ಷಗಳ ಅಳತೆಯನ್ನು ನೀರಾವರಿ ಇಲಾಖೆಯಿಂದ ಪಡೆದು, ತಾಲ್ಲೂಕಿಗೆ ನಿಗದಿಯಾದದ್ದು ಎಷ್ಟು, ಬಂದದ್ದು ಎಷ್ಟು, ಯಾವ ಕೆರೆಗೆ ಎಷ್ಟು ಹರಿಯಿತು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿಯೊಂದು ಪಂಚಾಯಿತಿಯ ಗೋಡೆಗೆ ಅಂಟಿಸಿರಿ. ಕುಣಿಗಲ್ಲಿನ ಲೆಕ್ಕವನ್ನೂ ಅದರ ಪಕ್ಕದಲ್ಲಿಯೇ ಅಂಟಿಸಿರಿ. ಅಂಕಿ ನಿಮಗೆ ಪ್ರತಿಕೂಲವಾಗಿದ್ದರೂ ಅಂಟಿಸಿರಿ. ಆಮೇಲೆ ನಮ್ಮ ನಡುವೆ ನಿಂತು, ನಾವು ಕೋಪಿಸಿಕೊಂಡರೆ ಕೋಪವನ್ನು ಪೂರ್ತಿ ಕೇಳಿ, ನಿಮಗೆ ನಿಜವೆಂದು ತೋರಿದ್ದನ್ನು ಹೇಳಿರಿ. ಕೇಳುವ ನಮ್ಮಲ್ಲಿಯೂ ನನ್ನದೊಂದು ಮಾತು: ನಮ್ಮ ಭಯವನ್ನು ಒಪ್ಪದೆ ಲೆಕ್ಕವನ್ನು ಬಿಚ್ಚಿಟ್ಟ ಅಭ್ಯರ್ಥಿಗೆ ನಾವು ಮತ ಕೊಡಲಿ, ಕೊಡದಿರಲಿ, ಅವನ ಮಾತು ಮುಗಿಯುವವರೆಗೆ ಕೂಗಿ ಕೂರಿಸದೆ ಕೇಳೋಣ.